ಬೇಸಿಗೆ ರಜೆಗೆ ಹುವಾ ಹಿನ್ ಮತ್ತು ಬ್ಯಾಂಕಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಥಾಯ್ಲೆಂಡ್ ಅಂದ ಕೂಡಲೇ ನಮ್ಮವರ ಬಾಯಿಗೆ ಬರುವುದು ಫುಕೆಟ್, ಇಲ್ಲವೇ ಪಟ್ಟಾಯ. ಆದರೆ ಏಪ್ರಿಲ್–ಮೇ ರಜೆಯಲ್ಲಿ ಮನೆಮಂದಿಯೆಲ್ಲ ಹೊರಡುವುದಾದರೆ ನಾನು ಹೇಳುವ ಊರು ಹುವಾ ಹಿನ್. ಬ್ಯಾಂಕಾಕ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್. ನಡುವೆ ಇನ್ನೊಂದು ವಿಮಾನ ಹತ್ತಬೇಕಿಲ್ಲ. ಒಂದು ಸಮುದ್ರದ ಊರು, ಒಂದು ದೊಡ್ಡ ನಗರ. ಒಂದು ವಾರಕ್ಕೆ ಇಷ್ಟು ಸಾಕು. ಈ ಎರಡು ಊರುಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಏಪ್ರಿಲ್–ಮೇನಲ್ಲಿ ಅಲ್ಲಿ ಸೆಕೆ ತಡೆಯೋಕಾಗುತ್ತಾ?

ಸೆಕೆ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಥಾಯ್ಲೆಂಡಿಗೂ ಮಾರ್ಚ್‌ನಿಂದ ಮೇ ನಡುವಿನವರೆಗೆ ಬೇಸಿಗೆಯೇ. ಏಪ್ರಿಲ್ ಎಲ್ಲಕ್ಕಿಂತ ಬಿಸಿ. ಬ್ಯಾಂಕಾಕ್‌ನಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುವುದು ಮಾಮೂಲು. ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ಮೈಗೆ ತಟ್ಟುವ ಬಿಸಿ ಅದಕ್ಕಿಂತಲೂ ಹೆಚ್ಚು. ಮಂಗಳೂರು, ಕಾರವಾರದ ಕಡೆಯವರಿಗೆ ಇದು ಹೊಸದಲ್ಲ. ಬೆಂಗಳೂರು, ಮೈಸೂರಿನವರು ಮೊದಲ ದಿನ ಒದ್ದಾಡುತ್ತಾರೆ.

ದಿನವನ್ನು ಎರಡು ತುಂಡು ಮಾಡಿಕೊಂಡರೆ ಕಷ್ಟ ಆಗುವುದಿಲ್ಲ. ಬೆಳಿಗ್ಗೆ ಹನ್ನೊಂದರೊಳಗೆ ಹೊರಗಿನ ಕೆಲಸ ಮುಗಿಸಿ. ಹನ್ನೊಂದರಿಂದ ನಾಲ್ಕರವರೆಗೆ ಎಸಿಯಲ್ಲಿರಿ, ಹೋಟೆಲ್ಲೋ ಮಾಲೋ ರೈಲೋ ಯಾವುದಾದರೂ ಸರಿ. ನಾಲ್ಕರ ಮೇಲೆ ಮತ್ತೆ ಹೊರಡಿ. ಊರೂ ಹಾಗೇ ಬದುಕುತ್ತದೆ. ಸಂತೆ, ತಿಂಡಿ, ನಡಿಗೆ ಎಲ್ಲ ಕತ್ತಲಾದ ಮೇಲೆಯೇ ಕಳೆಗಟ್ಟುವುದು.

ಫುಕೆಟ್, ಕ್ರಾಬಿ ಬಿಟ್ಟು ಹುವಾ ಹಿನ್ ಯಾಕೆ?

ಮಳೆಯ ಕಾರಣಕ್ಕೆ. ಥಾಯ್ಲೆಂಡಿಗೆ ಎರಡು ಕರಾವಳಿ. ಪಶ್ಚಿಮಕ್ಕೆ ಅಂಡಮಾನ್ ಸಮುದ್ರ, ಅಲ್ಲಿ ಫುಕೆಟ್, ಕ್ರಾಬಿ. ಪೂರ್ವಕ್ಕೆ ಥಾಯ್ಲೆಂಡ್ ಕೊಲ್ಲಿ, ಅಲ್ಲಿ ಹುವಾ ಹಿನ್, ಕೊ ಸಮುಯಿ ದ್ವೀಪ. ನಮಗೆ ಜೂನ್‌ನಲ್ಲಿ ಮಳೆ ತರುವ ನೈಋತ್ಯ ಮುಂಗಾರೇ ಮೇ ನಡುವಿನ ಹೊತ್ತಿಗೆ ಅಂಡಮಾನ್ ಕಡೆಗೆ ಬೀಸಲು ಶುರುವಾಗುತ್ತದೆ. ಅಲೆಗಳು ಎದ್ದು, ಬೀಚುಗಳಲ್ಲಿ ಕೆಂಪು ಬಾವುಟ ಹಾರುತ್ತದೆ. ದ್ವೀಪಗಳಿಗೆ ಹೋಗುವ ದೋಣಿಗಳು ಎಷ್ಟೋ ದಿನ ರದ್ದಾಗುತ್ತವೆ. ದುಡ್ಡು ಕೊಟ್ಟು ಹೋಗಿ ಹೋಟೆಲ್ ಕಿಟಕಿಯಿಂದ ಸಮುದ್ರ ನೋಡುವ ಹಾಗಾಗಬಾರದು, ಅಲ್ವಾ?

ಹುವಾ ಹಿನ್ ಬೆನ್ನಿಗೆ ಮ್ಯಾನ್ಮಾರ್ ಗಡಿಯ ಬೆಟ್ಟಸಾಲು ಇದೆ. ಮೋಡಗಳು ಅಲ್ಲೇ ಬಹಳಷ್ಟು ಖಾಲಿಯಾಗುತ್ತವೆ. ಮೇ, ಜೂನ್‌ನಲ್ಲಿ ಸಂಜೆ ಒಂದು ಮಳೆ ಹೊಡೆದು ನಿಲ್ಲಬಹುದು, ಅಷ್ಟೇ. ಅಲ್ಲಿ ಜೋರು ಮಳೆ ಅಂದರೆ ಅಕ್ಟೋಬರ್, ನವೆಂಬರ್.

ಇನ್ನೊಂದು ಕಾರಣ, ಅದು ಥಾಯ್ ಕುಟುಂಬಗಳೇ ರಜೆಗೆ ಹೋಗುವ ಊರು. ರೈಲು ಬಂದ ಮೇಲೆ, 1920ರ ದಶಕದಲ್ಲಿ ರಾಜಮನೆತನ ಅಲ್ಲಿ ಬೇಸಿಗೆ ಅರಮನೆ ಕಟ್ಟಿಸಿತು. ಹಿಂದೆಯೇ ಬ್ಯಾಂಕಾಕ್‌ನ ಉಳ್ಳವರೂ ಬಂದರು. ಏಳನೇ ರಾಮ ಅನ್ನಿಸಿಕೊಂಡ ರಾಜ ಪ್ರಜಾಧಿಪೋಕ್ ಕಟ್ಟಿಸಿದ ಕ್ಲಾಯ್ ಕಂಗ್ವೊನ್ ಅರಮನೆ ಇವತ್ತಿಗೂ ಕಡಲ ದಂಡೆಯಲ್ಲೇ ಇದೆ. 1932ರ ಜೂನ್‌ನಲ್ಲಿ ಬ್ಯಾಂಕಾಕ್‌ನಲ್ಲಿ ದಂಗೆಯಾಗಿ ರಾಜರ ನಿರಂಕುಶ ಆಳ್ವಿಕೆ ಕೊನೆಯಾಯಿತಲ್ಲ, ಆಗ ಅವರು ಇದ್ದದ್ದು ಇಲ್ಲೇ.

ಹಾಗಾದರೆ ಹುವಾ ಹಿನ್ ಎಲ್ಲರಿಗೂ ಹಿಡಿಸುತ್ತಾ?

ಇಲ್ಲ. ಗಾಜಿನಂಥ ನೀಲಿ ನೀರು, ಹವಳ, ಸ್ನಾರ್ಕೆಲಿಂಗ್ ಬೇಕು ಅನ್ನುವವರಿಗೆ ಇದು ತಕ್ಕ ಊರಲ್ಲ. ಇಲ್ಲಿನ ನೀರು ಹಸಿರು ಮಿಶ್ರಿತ, ಸ್ವಲ್ಪ ಕದಡಿದ ಹಾಗಿರುತ್ತದೆ. ಅಂಥವರು ಕೊ ಸಮುಯಿಗೋ ಕೊ ತಾವ್‌ಗೋ ಹೋಗಲಿ. ಕೊಲ್ಲಿಯ ಕಡೆಯೇ ಇರುವುದರಿಂದ ಬೇಸಿಗೆಯಲ್ಲಿ ಅಲ್ಲೂ ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಇನ್ನೊಂದು ವಿಮಾನ ಅಥವಾ ರಾತ್ರಿ ರೈಲು, ಮೇಲೆ ದೋಣಿ ಬೇಕು. ಗೆಳೆಯರ ಗುಂಪಾಗಿ ಹೋಗಿ ಬೆಳಗಿನವರೆಗೆ ಪಾರ್ಟಿ ಮಾಡುವ ಆಸೆ ಇದ್ದವರಿಗೂ ಹುವಾ ಹಿನ್ ಸಪ್ಪೆ ಅನ್ನಿಸಬಹುದು.

ಅಪ್ಪ ಅಮ್ಮ, ಮಕ್ಕಳು, ಒಟ್ಟಿಗೆ ಒಂದಿಷ್ಟು ನಡಿಗೆ, ಒಳ್ಳೆ ಊಟ, ನೆಮ್ಮದಿಯ ನಿದ್ದೆ ಬೇಕು ಅನ್ನುವವರಿಗೆ ಮಾತ್ರ ಇದಕ್ಕಿಂತ ಅನುಕೂಲದ ಊರು ಬ್ಯಾಂಕಾಕ್ ಹತ್ತಿರ ನನಗೆ ಕಾಣುವುದಿಲ್ಲ.

ಎಷ್ಟು ದಿನ ಬೇಕು? ಮೊದಲು ಸಮುದ್ರವೋ, ನಗರವೋ?

ಏಳು ರಾತ್ರಿ ಸಿಕ್ಕರೆ ನಾಲ್ಕು ಹುವಾ ಹಿನ್, ಮೂರು ಬ್ಯಾಂಕಾಕ್. ಐದೇ ರಾತ್ರಿ ಇದ್ದರೆ ಮೂರು, ಎರಡು. ಅದಕ್ಕಿಂತ ಕಡಿಮೆ ಇದ್ದರೆ ಬ್ಯಾಂಕಾಕ್ ಒಂದನ್ನೇ ನೋಡಿ ಬನ್ನಿ.

ಮೊದಲು ಸಮುದ್ರ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ನಾಲ್ಕು ಗಂಟೆಯೊಳಗಿನ ದಾರಿ. ಎಷ್ಟೋ ವಿಮಾನಗಳು ನಡುರಾತ್ರಿ ಹೊರಟು ಬೆಳಗಿನ ಜಾವ ಇಳಿಸುತ್ತವೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನಿದ್ದೆಗೆಟ್ಟ ಕಣ್ಣಲ್ಲಿ ಬ್ಯಾಂಕಾಕ್ ಸುತ್ತಿದರೆ ಏನೂ ತಲೆಗೆ ಹತ್ತುವುದಿಲ್ಲ. ಏರ್‌ಪೋರ್ಟಿನಿಂದ ಸೀದಾ ಬಸ್ ಹತ್ತಿ ಮಲಗಿಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹುವಾ ಹಿನ್. ಶಾಪಿಂಗ್ ಎಲ್ಲ ಬ್ಯಾಂಕಾಕ್‌ನಲ್ಲೇ ಆಗುವುದು, ಅದು ಕೊನೆಗಿದ್ದರೆ ತುಂಬಿದ ಸೂಟ್‌ಕೇಸ್ ಹೊತ್ತು ತಿರುಗುವುದೂ ತಪ್ಪುತ್ತದೆ.

ಇದರ ನಡುವೆ ಪಟ್ಟಾಯವನ್ನೂ ಒಂದು ದಿನ ತುರುಕೋಣ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಅದು ಕೊಲ್ಲಿಯ ಆಚೆ ದಡದಲ್ಲಿದೆ. ರಸ್ತೆಯಲ್ಲಿ ಬ್ಯಾಂಕಾಕ್ ಸುತ್ತು ಹಾಕಿಕೊಂಡೇ ಹೋಗಬೇಕು. ಎರಡು ದಿನ ಬಸ್ಸಿನಲ್ಲೇ ಕಳೆಯುತ್ತದೆ.

ಸಾಂಗ್‌ಕ್ರಾನ್ ದಿನಗಳಲ್ಲಿ ಹೋಗಬಹುದಾ?

ಏಪ್ರಿಲ್ 13ರಿಂದ 15, ಥಾಯ್ ಹೊಸ ವರ್ಷ. ನಮ್ಮ ತುಳುನಾಡಿನ ಬಿಸು, ಕೇರಳದ ವಿಷು, ತಮಿಳರ ಪುತ್ತಾಂಡು ಬರುವ ದಿನಗಳೇ ಅವು. ಸೂರ್ಯ ಮೇಷ ರಾಶಿಗೆ ಬರುವ ಲೆಕ್ಕ. ಮನೆಯಲ್ಲಿ ಬುದ್ಧನ ಮೂರ್ತಿಗೆ ನೀರೆರೆದು, ಹಿರಿಯರ ಕೈಗೆ ಪರಿಮಳದ ನೀರು ಹಾಕಿ ಆಶೀರ್ವಾದ ಪಡೆಯುತ್ತಾರೆ. ಬೀದಿಯಲ್ಲಿ ಇಡೀ ದಿನ ನೀರಾಟ. 2023ರಲ್ಲಿ ಯುನೆಸ್ಕೊ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ.

ನೀರಾಟ ಇಷ್ಟ ಇದ್ದರೆ ಅದಕ್ಕೆಂದೇ ಹೋಗಿ, ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಮೂರು ವಿಷಯ ಗೊತ್ತಿರಲಿ. ಆ ದಿನಗಳಲ್ಲಿ ಬ್ಯಾಂಕಾಕ್‌ನ ಜನ ಊರಿಗೆ ಹೊರಡುವುದರಿಂದ ರೈಲು, ಬಸ್ಸು ಎಲ್ಲ ಭರ್ತಿ. ಹುವಾ ಹಿನ್ ಹೋಟೆಲುಗಳ ದರ ಏರಿರುತ್ತದೆ. ರಸ್ತೆ ಅಪಘಾತ ಆ ವಾರ ಎಷ್ಟು ಹೆಚ್ಚುತ್ತದೆಂದರೆ, ಅಲ್ಲಿನ ಸರ್ಕಾರವೇ ಅದನ್ನು ಅಪಾಯದ ಏಳು ದಿನ ಅಂತ ಕರೆಯುತ್ತದೆ. ಹಾಗಾಗಿ 12ರಂದು ಒಂದು ಊರು ಸೇರಿದರೆ 16ರವರೆಗೆ ಅಲ್ಲೇ ಇದ್ದುಬಿಡಿ. ಫೋನು, ಪಾಸ್‌ಪೋರ್ಟ್ ನೀರು ಹೋಗದ ಚೀಲದಲ್ಲಿರಲಿ. ಬೌದ್ಧ ಭಿಕ್ಷುಗಳಿಗೆ, ಬೈಕ್ ಓಡಿಸುವವರಿಗೆ ನೀರು ಎರಚಬೇಡಿ.

ನೀರಾಟ ಬೇಡ ಅನ್ನುವವರಿಗೆ ಏಪ್ರಿಲ್ 20ರಿಂದ ಮೇ 10ರ ನಡುವಿನ ದಿನಗಳು ಒಳ್ಳೆಯವು.

ವೀಸಾ ಬೇಕಾ?

2024ರ ಜುಲೈಯಲ್ಲಿ ಭಾರತೀಯರಿಗೆ ಪ್ರವಾಸಕ್ಕೆ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದ್ದರು. ಆದರೆ ಎಷ್ಟು ದಿನ ಇರಬಹುದು, ಯಾರಿಗೆ ಅನ್ನುವ ನಿಯಮವನ್ನು ಅವರು ಆಗಾಗ ಬದಲಿಸುತ್ತಾರೆ. ಟಿಕೆಟ್ ತೆಗೆಯುವ ಮೊದಲು ಥಾಯ್ ರಾಯಭಾರ ಕಚೇರಿಯ ಸೈಟ್ ನೋಡಿಯೇ ಮುಂದುವರಿಯಿರಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಜೀವ ಇರಲಿ.

2025ರ ಮೇ 1ರಿಂದ ಇನ್ನೊಂದು ಕೆಲಸ ಸೇರಿದೆ. ಡಿಜಿಟಲ್ ಅರೈವಲ್ ಕಾರ್ಡ್ ಅನ್ನುವ ಅರ್ಜಿಯನ್ನು ಇಳಿಯುವ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಮಗುವಿಗೂ ಬೇರೆಯದೇ ತುಂಬಬೇಕು. ಇದು ಪೂರ್ತಿ ಉಚಿತ. ದುಡ್ಡು ಕೇಳುವ ಸೈಟುಗಳು ಗೂಗಲ್‌ನಲ್ಲಿ ಮೇಲೆಯೇ ಕಾಣುತ್ತವೆ, ಅವು ಅಸಲಿ ಅಲ್ಲ. ಥಾಯ್ ಇಮಿಗ್ರೇಷನ್ ಇಲಾಖೆಯ ಸೈಟಿನಲ್ಲೇ ತುಂಬಿ.

ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ಕೈಯಲ್ಲಿರಲಿ. ಅಲ್ಲಿನ ಹಣ ಬಾಟ್. ಒಬ್ಬರಿಗೆ 10,000 ಬಾಟ್, ಕುಟುಂಬಕ್ಕೆ 20,000 ಬಾಟ್ ಹಣ ಇದೆಯಾ ಅಂತ ಕೇಳುವ ಅಧಿಕಾರ ಅವರಿಗಿದೆ. ಎಲ್ಲರನ್ನೂ ಕೇಳುವುದಿಲ್ಲ. ಕೇಳಿದಾಗ ತೋರಿಸಲು ಇರಬೇಕು.

ಏರ್‌ಪೋರ್ಟಿನಿಂದ ಹುವಾ ಹಿನ್‌ಗೆ ಹೇಗೆ ಹೋಗೋದು?

ಬ್ಯಾಂಕಾಕ್‌ನ ದೊಡ್ಡ ಏರ್‌ಪೋರ್ಟ್ ಸುವರ್ಣಭೂಮಿಯಲ್ಲಿ ಇಳಿದರೆ ನೇರ ಬಸ್ಸಿದೆ. ಏರ್‌ಪೋರ್ಟಿನ ಕೆಳಗಿನ ಮಹಡಿಯಲ್ಲೇ ಕೌಂಟರ್. ನಾಲ್ಕು ಗಂಟೆ ಹತ್ತಿರದ ಪ್ರಯಾಣ, ತಲೆಗೆ 300 ಬಾಟ್ ಚಿಲ್ಲರೆ. ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಿ, ವಿಮಾನ ಇಳಿಯುವ ಹೊತ್ತಿಗೂ ಬಸ್ಸಿಗೂ ಎರಡು ಗಂಟೆ ಅಂತರ ಇಟ್ಟುಕೊಳ್ಳಿ. ಇಮಿಗ್ರೇಷನ್ ಸಾಲು ಕೆಲವೊಮ್ಮೆ ಹನುಮಂತನ ಬಾಲದ ಹಾಗೆ ಬೆಳೆದಿರುತ್ತದೆ. ನಾಲ್ಕು ಜನ ಇದ್ದರೆ ಕಾರು ಮಾಡಿಕೊಳ್ಳುವುದೂ ದುಬಾರಿಯೇನಲ್ಲ. ಇನ್ನೊಂದು ಏರ್‌ಪೋರ್ಟ್ ಡಾನ್ ಮುವಾಂಗ್‌ನಲ್ಲಿ ಇಳಿಯುವವರು ಕಾರು ಅಥವಾ ರೈಲು ನೋಡಿಕೊಳ್ಳಬೇಕು.

ವಾಪಸ್ ಬ್ಯಾಂಕಾಕ್‌ಗೆ ಬರುವಾಗ ರೈಲಿನಲ್ಲೇ ಬನ್ನಿ ಅನ್ನುವುದು ನನ್ನ ಒತ್ತಾಯ. ಹುವಾ ಹಿನ್‌ನ ಹಳೆಯ ಮರದ ಸ್ಟೇಷನ್, ಕೆಂಪು ಮತ್ತು ಕೆನೆ ಬಣ್ಣದ್ದು, ಇಡೀ ದೇಶದಲ್ಲೇ ಚೆಂದದ್ದು ಅಂತ ಹೆಸರು. ಪಕ್ಕದಲ್ಲೇ ರಾಜರಿಗೆಂದು ಮಾಡಿದ ಪುಟ್ಟ ಮಂಟಪ. 2023ರ ಡಿಸೆಂಬರ್‌ನಿಂದ ರೈಲುಗಳು ಅದರ ಹಿಂಬದಿಯ ಎತ್ತರದ ಹೊಸ ಸ್ಟೇಷನ್ನಿಗೆ ಬರುತ್ತವೆ. ಹಳೆಯದನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಮಧ್ಯಾಹ್ನ ಹೊರಡುವ ಸಾಮಾನ್ಯ ರೈಲಿನ ಮೂರನೇ ದರ್ಜೆಗೆ ನೂರು ಬಾಟ್‌ಗೂ ಕಡಿಮೆ. ಫ್ಯಾನಿನ ಬೋಗಿ, ತೆರೆದ ಕಿಟಕಿ. ಫೆಚ್ಚಬುರಿಯ ತಾಳೆಮರಗಳು, ಗದ್ದೆಗಳು, ನಖೋನ್ ಪಥೋಮ್‌ನ 120 ಮೀಟರ್ ಎತ್ತರದ ಸ್ತೂಪ, ಎಲ್ಲ ಕಿಟಕಿಯಲ್ಲೇ ಸಾಗುತ್ತವೆ. ಬುಟ್ಟಿ ಹಿಡಿದ ಹೆಂಗಸರು ಅನ್ನದ ಪೊಟ್ಟಣ, ಹಣ್ಣು, ತಂಪು ನೀರು ಮಾರುತ್ತ ಬರುತ್ತಾರೆ. ಸೆಕೆ ಆಗದವರು ಎಸಿ ಇರುವ ಎಕ್ಸ್‌ಪ್ರೆಸ್ ನೋಡಿ. ಅವು ದೂರದ ದಕ್ಷಿಣದಿಂದ ಬರುವುದರಿಂದ ಹೊತ್ತು ತಪ್ಪುವುದುಂಟು, ಬ್ಯಾಂಕಾಕ್ ತಲುಪುವ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಒಂದು ಗೊಂದಲ ತಪ್ಪಿಸಿಕೊಳ್ಳಿ. 2023ರ ಜನವರಿಯಿಂದ ಬ್ಯಾಂಕಾಕ್‌ನಲ್ಲಿ ದೂರದ ರೈಲುಗಳಿಗೆ ಕ್ರುಂಗ್ ಥೇಪ್ ಅಫಿವಾತ್ ಅನ್ನುವ ಹೊಸ ದೊಡ್ಡ ನಿಲ್ದಾಣ. ಕೆಲವು ಸಾಮಾನ್ಯ ರೈಲುಗಳು ಮಾತ್ರ ಹಳೆಯ ಹುವಾ ಲಂಫೋಂಗ್‌ಗೇ ಹೋಗುತ್ತವೆ. ಎರಡಕ್ಕೂ ಮೆಟ್ರೊ ಇದೆ. ಟಿಕೆಟ್‌ನಲ್ಲಿ ಯಾವ ಹೆಸರಿದೆ ನೋಡಿಕೊಂಡು ಹೋಟೆಲ್ ದಾರಿ ಲೆಕ್ಕ ಹಾಕಿ.

ಹುವಾ ಹಿನ್‌ನಲ್ಲಿ ನಾಲ್ಕು ದಿನ ಏನು ಮಾಡೋದು?

ಮೊದಲನೆಯದು, ಬೆಳಿಗ್ಗೆ ಬೇಗ ಏಳಿ. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಲ್ಲಿ ಮುಳುಗುತ್ತಾನೆ, ಇಲ್ಲಿ ಕಡಲಿನಿಂದ ಏಳುತ್ತಾನೆ. ಆರು ಗಂಟೆಯ ಹೊತ್ತಿಗೆ ಭಿಕ್ಷುಗಳು ಪಾತ್ರೆ ಹಿಡಿದು ದಂಡೆಯ ಮೇಲೆ ಬರುವುದೂ ಕಾಣಬಹುದು. ನೀರು ಇಳಿದಾಗ ಮರಳು ಮೈದಾನದಷ್ಟು ಅಗಲ. ಏರಿದಾಗ ಊರಿನ ಹತ್ತಿರ ಕಾಲಿಡಲೂ ಜಾಗ ಇರುವುದಿಲ್ಲ. ಹೋಟೆಲ್‌ನಲ್ಲಿ ಅವತ್ತಿನ ಉಬ್ಬರ–ಇಳಿತದ ಹೊತ್ತು ಕೇಳಿಟ್ಟುಕೊಳ್ಳಿ.

ಒಂದು ದಿನವನ್ನು ಖಾವೊ ಸಾಮ್ ರೋಯ್ ಯೋತ್ ರಾಷ್ಟ್ರೀಯ ಉದ್ಯಾನಕ್ಕೆ ಕೊಡಲೇಬೇಕು. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟದ ಜಾಗ ಅದೇ. ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಸುಣ್ಣಕಲ್ಲಿನ ಬೆಟ್ಟಗಳು ನೆಲದಿಂದ ನೆಟ್ಟಗೆ ಎದ್ದಿವೆ. ಬಾಂಗ್ ಪು ಹಳ್ಳಿಯಿಂದ ಸಣ್ಣ ದೋಣಿಯಲ್ಲಿ ಗುಡ್ಡದ ಮೂತಿ ಸುತ್ತಿ ಲೇಮ್ ಸಾಲಾ ಬೀಚಿಗೆ ಬರಬೇಕು. ಅಲ್ಲಿಂದ ಕಲ್ಲಿನ ಕಡಿದಾದ ದಾರಿ. ಅರ್ಧ ಗಂಟೆ ಹತ್ತಿದರೆ ಫ್ರಾಯಾ ನಖೋನ್ ಗುಹೆ. ಮೇಲಿನ ಚಾವಣಿ ಕುಸಿದು ಆಕಾಶಕ್ಕೆ ತೆರೆದುಕೊಂಡಿದೆ. ಒಳಗೆ ಮರಗಳೇ ಬೆಳೆದಿವೆ. ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ನಾಲ್ಕು ಮುಖದ ಪುಟ್ಟ ಮಂಟಪ. 1890ರಲ್ಲಿ ರಾಜ ಚುಲಾಲೊಂಗ್‌ಕೋರ್ನ್ ಭೇಟಿಗೆಂದು ಕಟ್ಟಿದ್ದು. ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ ನಡುವೆ ಬಿಸಿಲಿನ ಕೋಲು ಮೇಲಿನ ಬಾಯಿಯಿಂದ ಇಳಿದು ಸರಿಯಾಗಿ ಮಂಟಪದ ಮೇಲೆ ಬೀಳುತ್ತದೆ. ಹೊಗೆಯಂಥ ಧೂಳು ಆ ಬೆಳಕಲ್ಲಿ ತೇಲುತ್ತದೆ, ಸುತ್ತಲಿನ ಬಂಡೆ ಕತ್ತಲಲ್ಲೇ ಇರುತ್ತದೆ. ಆ ಹೊತ್ತು ತಪ್ಪಿದರೆ ಅದು ಸುಮ್ನೆ ಒಂದು ಮಂಟಪ. ಹಾಗಾಗಿ ಹುವಾ ಹಿನ್ ಅನ್ನು ಏಳಕ್ಕೇ ಬಿಡಿ. ಗಟ್ಟಿ ಶೂ, ತಲೆಗೆ ಎರಡು ಲೀಟರ್ ನೀರು ಬೇಕು. ಮಂಡಿ ನೋವಿನವರು ಲೇಮ್ ಸಾಲಾ ಬೀಚಿನ ಮರದ ನೆರಳಲ್ಲೇ ಕೂತಿರಲಿ, ಅದೂ ಚೆನ್ನಾಗಿದೆ. ಮಳೆ ಜೋರಾದಾಗ ದಾರಿ ಮುಚ್ಚುತ್ತಾರೆ, ಹಿಂದಿನ ದಿನ ವಿಚಾರಿಸಿ.

ಆನೆ ನೋಡುವ ಆಸೆ ಇದ್ದರೆ ಕುಯಿ ಬುರಿ ಕಾಡಿಗೆ ಹೋಗಿ. ಮಧ್ಯಾಹ್ನದ ಮೇಲೆ ಉದ್ಯಾನದ ಜೀಪಿನಲ್ಲಿ ಕರೆದೊಯ್ದು ಹುಲ್ಲುಗಾವಲಿಗೆ ಬರುವ ಕಾಡಾನೆಗಳನ್ನು ದೂರದಿಂದ ತೋರಿಸುತ್ತಾರೆ. ಆನೆ ಸವಾರಿ ಮಾತ್ರ ಮಾಡಬೇಡಿ. ಪ್ರವಾಸಿಗರನ್ನು ಹೊರಲು ಮರಿಯಿಂದಲೇ ಅದನ್ನು ಹಿಂಸೆಯಿಂದ ಪಳಗಿಸಿರುತ್ತಾರೆ. ಆ ದುಡ್ಡು ಕಾಡಾನೆ ಕಾಯುವವರಿಗೆ ಹೋಗಲಿ.

ಪಕ್ಕದ ಊರು ಚಾ-ಅಮ್ ಕಡೆಯ ದಾರಿಯಲ್ಲಿ ಮೃಗದಾಯವನ್ ಅರಮನೆ ಇದೆ. ಆರನೇ ರಾಮ ರಾಜರಿಗೆ 1920ರ ದಶಕದಲ್ಲಿ ಕಟ್ಟಿದ ತೇಗದ ಮನೆ. ಪೂರ್ತಿ ಕಂಬಗಳ ಮೇಲೆ ನಿಂತಿದೆ, ಕಡಲ ಗಾಳಿ ಕೆಳಗಿನಿಂದಲೂ ಹಾಯುತ್ತದೆ. ದುರಸ್ತಿಗೆಂದು ಕೆಲವು ಭಾಗ ಮುಚ್ಚಿರುತ್ತದೆ, ಕೇಳಿಕೊಂಡು ಹೋಗಿ. ಖಾವೊ ತಕಿಯಾಪ್ ಗುಡ್ಡದ ಗುಡಿಯಿಂದ ಇಡೀ ಬೀಚ್ ಕಾಣುತ್ತದೆ. ಅಲ್ಲಿ ಕೋತಿಗಳು ಜಾಸ್ತಿ, ಕೈಯಲ್ಲಿ ತಿಂಡಿ ಬೇಡ. ಶುಕ್ರವಾರದಿಂದ ಭಾನುವಾರದ ಸಂಜೆ ಸಿಕಾಡಾ ಮಾರ್ಕೆಟ್, ಉಳಿದ ದಿನ ಊರೊಳಗಿನ ರಾತ್ರಿ ಸಂತೆ. ಮಕ್ಕಳಿಗೆ ವಾನಾ ನಾವಾ ವಾಟರ್ ಪಾರ್ಕ್.

ಸಮುದ್ರಕ್ಕೆ ಇಳಿಯೋದು ಸುರಕ್ಷಿತವಾ?

ಹುವಾ ಹಿನ್ ಬೀಚ್ ಆಳವಿಲ್ಲದ್ದು, ಬೇಸಿಗೆಯಲ್ಲಿ ಅಲೆಯೂ ಮೆತ್ತಗೆ. ಆದರೂ ಕೆಂಪು ಬಾವುಟ ಕಂಡರೆ ಇಳಿಯಲೇಬೇಡಿ. ಕೊಲ್ಲಿಯಲ್ಲಿ ಜೆಲ್ಲಿಫಿಶ್ ಇವೆ, ಮಳೆ ಶುರುವಾದ ಮೇಲೆ ಹೆಚ್ಚು. ಕುಟುಕಿದರೆ ಉಜ್ಜಬೇಡಿ, ವಿನೆಗರ್ ಸುರಿಯಿರಿ. ಬೀಚುಗಳಲ್ಲಿ ವಿನೆಗರ್ ಬಾಟಲಿ ಇಟ್ಟ ಕಂಬ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಮಕ್ಕಳಿಗೆ ತೋಳು ಮುಚ್ಚುವ ಈಜುಡುಗೆ ಹಾಕಿದರೆ ಬಿಸಿಲಿಗೂ ಆಯಿತು, ಇದಕ್ಕೂ ಆಯಿತು.

ಸಸ್ಯಾಹಾರಿಗಳು ಏನು ತಿನ್ನೋದು?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಥಾಯ್ ಅಡುಗೆಯಲ್ಲಿ ಮಾಂಸದ ತುಂಡು ತೆಗೆದರೆ ಸಸ್ಯಾಹಾರ ಆಗುವುದಿಲ್ಲ. ಉಪ್ಪಿನ ಬದಲು ಮೀನಿನ ಸಾರ, ಅದು ನಾಮ್ ಪ್ಲಾ. ಕರಿ ಮಸಾಲೆಯೊಳಗೆ ಸಿಗಡಿ ಅರೆದಿರುತ್ತಾರೆ. ತರಕಾರಿ ಹುರಿಯುವಾಗ ಆಯ್‌ಸ್ಟರ್ ಸಾಸ್. ಪಪ್ಪಾಯಿ ಸಲಾಡ್‌ನಲ್ಲಿ ಒಣ ಸಿಗಡಿ. ಅವರಿಗೆ ಇದೆಲ್ಲ ಮಾಂಸ ಅನ್ನಿಸುವುದಿಲ್ಲ, ಹಾಗಾಗಿ ವೆಜ್ ಅಂದರೆ ಖುಷಿಯಿಂದ ಹೂಂ ಅನ್ನುತ್ತಾರೆ.

ನೀವು ಹೇಳಬೇಕಾದ್ದು ಜೇ ಅಂತ. ಚೀನೀ ಬೌದ್ಧರ ವ್ರತದ ಊಟ ಅದು. ಮಾಂಸ, ಮೀನಿನ ಸಾರ, ಮೊಟ್ಟೆ ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಥಾಯ್ ಅಕ್ಷರ ಕಂಡರೆ ಅದು ಜೇ ಅಂಗಡಿ. ಫೋನಿನಲ್ಲಿ ಆ ಅಕ್ಷರದ ಚಿತ್ರ ಇಟ್ಟುಕೊಂಡು ತೋರಿಸಿ. ಸಾಮಾನ್ಯ ಅಂಗಡಿಯಲ್ಲಾದರೆ "ಮೈ ಸೈ ನಾಮ್ ಪ್ಲಾ" ಅನ್ನಿ, ಮೀನಿನ ಸಾರ ಹಾಕಬೇಡಿ ಅಂತ. "ಮೈ ಸೈ ಖೈ" ಅಂದರೆ ಮೊಟ್ಟೆ ಬೇಡ.

ರಾತ್ರಿ ಸಂತೆಯಲ್ಲಿ ಖನೋಮ್ ಕ್ರೋಕ್ ಹುಡುಕಿ. ಗುಂಡಿಗಳಿರುವ ಕಬ್ಬಿಣದ ಕಾವಲಿ, ನಮ್ಮ ಪಡ್ಡಿನದೇ ತರಹ. ಅಕ್ಕಿ ಹಿಟ್ಟು, ತೆಂಗಿನ ಹಾಲಿನ ಹಿಟ್ಟು ಹುಯ್ಯುತ್ತಾರೆ. ಅಂಚು ಗರಿಗರಿ, ನಡುವೆ ಇನ್ನೂ ಹಾಲಿನಂತೆ ನಡುಗುತ್ತಿರುತ್ತದೆ. ಎರಡೆರಡು ಅರ್ಧಗಳನ್ನು ಚಮಚದಲ್ಲಿ ಎಬ್ಬಿಸಿ ಒಂದರ ಮೇಲೊಂದು ಮುಚ್ಚಿ ಬಾಳೆಲೆ ಇಲ್ಲವೇ ಕಾಗದದ ತಟ್ಟೆಯಲ್ಲಿ ಕೊಡುತ್ತಾರೆ. ಕೂಡಲೇ ಬಾಯಿಗೆ ಹಾಕಬೇಡಿ, ಒಳಗೆ ಕುದಿಯುತ್ತಿರುತ್ತದೆ. ಏಪ್ರಿಲ್–ಮೇ ಅಲ್ಲೂ ಮಾವಿನ ಕಾಲ. ಸಿಹಿ ತೆಂಗಿನ ಹಾಲಿನಲ್ಲಿ ಅದ್ದಿದ ಅಂಟು ಅನ್ನದ ಜೊತೆ ಮಾವಿನ ಹಣ್ಣು, ಇದನ್ನು ತಿನ್ನಲಿಕ್ಕಾದರೂ ಬೇಸಿಗೆಯಲ್ಲೇ ಹೋಗಬೇಕು. ಮೇ ಬಂದರೆ ಮ್ಯಾಂಗೋಸ್ಟೀನ್, ರಂಬುಟಾನ್ ರಾಶಿ ರಾಶಿ.

ಎರಡೂ ಊರುಗಳಲ್ಲಿ ಭಾರತೀಯ ಹೋಟೆಲುಗಳಿವೆ. ಬ್ಯಾಂಕಾಕ್‌ನ ಫಾಹುರಾತ್, ಸುಖುಂವಿತ್ ಕಡೆ ದೋಸೆಯೂ ಸಿಗುತ್ತದೆ. ಬೆಲೆ ಮಾತ್ರ ಥಾಯ್ ಊಟಕ್ಕಿಂತ ಜಾಸ್ತಿ. ದಿನಕ್ಕೊಂದು ಹೊತ್ತು ಅಲ್ಲಿ, ಇನ್ನೊಂದು ಹೊತ್ತು ಜೇ ಅಂಗಡಿ ಅಂತ ಇಟ್ಟುಕೊಂಡರೆ ಹಿರಿಯರಿಗೂ ಕಷ್ಟವಾಗುವುದಿಲ್ಲ.

ಬ್ಯಾಂಕಾಕ್‌ನಲ್ಲಿ ಎಲ್ಲಿ ಉಳಿಯೋದು?

ಬಿಟಿಎಸ್ ಸ್ಕೈಟ್ರೇನ್ ಅಥವಾ ಮೆಟ್ರೊ ಸ್ಟೇಷನ್ನಿಗೆ ಐದು ನಿಮಿಷದ ನಡಿಗೆ. ಬೇರೆಲ್ಲ ಆಮೇಲೆ. ಅಲ್ಲಿನ ಟ್ರಾಫಿಕ್ ಸಿಲ್ಕ್ ಬೋರ್ಡ್ ಜಂಕ್ಷನ್ ಕಂಡವರಿಗೂ ಸಾಕು ಅನ್ನಿಸುತ್ತದೆ. ಸಫಾನ್ ತಾಕ್ಸಿನ್ ಸ್ಟೇಷನ್ನಿನ ಸುತ್ತಮುತ್ತ ನನ್ನ ಆಯ್ಕೆ. ಬಿಟಿಎಸ್ ಕೆಳಗೇ ಚಾವೊ ಫ್ರಾಯಾ ನದಿಯ ದೋಣಿಕಟ್ಟೆ ಇದೆ, ದೇವಸ್ಥಾನಗಳಿಗೆಲ್ಲ ದೋಣಿಯಲ್ಲೇ ಹೋಗಬಹುದು. ಶಾಪಿಂಗೇ ಮುಖ್ಯ ಅಂದರೆ ಸಯಾಮ್ ಅಥವಾ ಫಾಯಾ ಥಾಯ್. ಫಾಯಾ ಥಾಯ್‌ನಿಂದ ಏರ್‌ಪೋರ್ಟಿಗೆ ರೈಲಿದೆ, ಅರ್ಧ ಗಂಟೆ. ನಾನಾ ಅನ್ನುವ ಹೆಸರಿನ ಸ್ಟೇಷನ್ ಸುತ್ತ ಭಾರತೀಯ ಹೋಟೆಲುಗಳು ಹೆಚ್ಚು, ಆದರೆ ರಾತ್ರಿ ಬಾರುಗಳ ಗದ್ದಲವೂ ಹೆಚ್ಚು. ಮಕ್ಕಳ ಜೊತೆ ಹೋಗುವವರಿಗೆ ಬೇಡ.

ಬ್ಯಾಂಕಾಕ್‌ನಲ್ಲಿ ಮೂರು ದಿನ ಹೇಗೆ ಕಳೆಯೋದು?

ಒಂದು ಬೆಳಗು ಪೂರ್ತಿ ಗ್ರ್ಯಾಂಡ್ ಪ್ಯಾಲೇಸ್‌ಗೆ. ಎಂಟೂವರೆಗೆ ಬಾಗಿಲು ತೆರೆಯುವಾಗಲೇ ಅಲ್ಲಿರಿ, ಹತ್ತರ ಮೇಲೆ ಟೂರ್ ಗುಂಪುಗಳು ನುಗ್ಗುತ್ತವೆ. ಟಿಕೆಟ್ 500 ಬಾಟ್. ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ, ಗಂಡಸರಿಗೂ ಚಡ್ಡಿ ನಡೆಯುವುದಿಲ್ಲ.

ಒಳಗೆ ಎಲ್ಲರೂ ಪಚ್ಚೆ ಬುದ್ಧನ ಗುಡಿಗೆ ಓಡುತ್ತಾರೆ. ನೋಡಿ, ಆದರೆ ಅಲ್ಲಿಗೇ ಮುಗಿಸಬೇಡಿ. ಗುಡಿಯ ಸುತ್ತಲಿನ ಪ್ರಾಕಾರದ ಗೋಡೆಯ ಉದ್ದಕ್ಕೂ ರಾಮಾಯಣ ಬರೆದಿದ್ದಾರೆ. 178 ಭಾಗಗಳು. ಅವರ ಕಥೆಯ ಹೆಸರು ರಾಮಕಿಯೆನ್. 1782ರಲ್ಲಿ ಬ್ಯಾಂಕಾಕ್ ಅನ್ನು ರಾಜಧಾನಿ ಮಾಡಿದ ಮೊದಲನೇ ರಾಮ ರಾಜರೇ ಅದನ್ನು ಬರೆಸಿದ್ದು. ಉತ್ತರದ ಬಾಗಿಲಿನ ಹತ್ತಿರ ಶುರುವಾಗಿ ಬಲಸುತ್ತಾಗಿ ಸಾಗುತ್ತದೆ. ಬಿಳಿ ಹನುಮಂತನನ್ನು ಗುರುತು ಹಿಡಿಯುವುದು ಸುಲಭ. ಒಂದು ಕಡೆ ಅವನು ಬೆಟ್ಟದಷ್ಟು ಬೆಳೆದು, ಸೈನ್ಯ ದಾಟಲು ತಾನೇ ಸೇತುವೆಯಾಗಿದ್ದಾನೆ. ಅವರ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆಯ ಕಲ್ಲು ಕದಿಯಲು ಬಂದ ರಾವಣನ ಮಗಳು, ಮೀನಿನ ದೇಹದ ಸುವನ್ನಮಚ್ಛಾಳನ್ನು ಮೆಚ್ಚುತ್ತಾನೆ. ನಮ್ಮ ಮಕ್ಕಳಿಗೆ ಕಥೆ ಗೊತ್ತಿರುವುದರಿಂದ ಗೈಡ್ ಇಲ್ಲದೆಯೂ ಗೋಡೆ ಓದುತ್ತಾರೆ. ಚಿನ್ನದ ಬಣ್ಣದ ಅರಮನೆಗಳು, ಮೂಲೆಯಲ್ಲಿ ಅಡುಗೆ ಮಾಡುವ ಜನ, ನಗುವ ಸೈನಿಕರು, ಹತ್ತಿರ ನಿಂತಷ್ಟೂ ಕಾಣುತ್ತದೆ. ಇದಕ್ಕೆ ಒಂದು ಗಂಟೆಯಾದರೂ ಕೊಡಿ.

ಅಲ್ಲಿಂದ ನಡೆದರೆ ವಾಟ್ ಫೋ. 46 ಮೀಟರ್ ಉದ್ದದ ಮಲಗಿದ ಬುದ್ಧ. ಥಾಯ್ ಮಸಾಜ್ ಕಲಿಸುವ ಶಾಲೆಯೂ ಅದೇ ಆವರಣದಲ್ಲಿದೆ, ಸುತ್ತಿ ಸುಸ್ತಾದ ಕಾಲಿಗೆ ಅಲ್ಲೇ ಮಸಾಜ್ ಮಾಡಿಸಿಕೊಳ್ಳಿ. ನದಿಯ ಆಚೆ ವಾಟ್ ಅರುಣ್, ದಾಟಲು ಪುಟ್ಟ ದೋಣಿ. ಬಾಗಿಲು ಕಾಯುವ ಹಸಿರು ಯಕ್ಷ ದಶಕಂಠನೇ.

ಉಳಿದ ದಿನಗಳನ್ನು ಹಗುರಾಗಿಡಿ. ಶನಿವಾರ, ಭಾನುವಾರ ಸಿಕ್ಕರೆ ಚತುಚಕ್ ಸಂತೆ, ಬೆಳಿಗ್ಗೆಯೇ. ಬೆಳಗಿನ ನಡಿಗೆಗೆ ಲುಂಫಿನಿ ಪಾರ್ಕ್, ಕೆರೆಯ ದಡದಲ್ಲಿ ಆಳುದ್ದದ ಉಡಗಳು ಓಡಾಡುತ್ತವೆ, ಏನೂ ಮಾಡುವುದಿಲ್ಲ. ಚಿತ್ ಲೋಮ್ ಹತ್ತಿರದ ಎರವಾನ್ ಗುಡಿಯಲ್ಲಿ ನಾಲ್ಕು ಮುಖದ ಬ್ರಹ್ಮ. ನಮ್ಮಲ್ಲಿ ಬ್ರಹ್ಮನಿಗೆ ಗುಡಿ ಅಪರೂಪ, ಅಲ್ಲಿ ದಿನವಿಡೀ ಹೂವಿನ ರಾಶಿ. ಸೀಲೋಮ್‌ನಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆ. ರಾತ್ರಿ ಯಾವರಾಟ್ ಚೈನಾಟೌನ್.

ಮೋಸ ಹೋಗದಿರಲು ಏನು ನೋಡಿಕೊಳ್ಳಬೇಕು?

ಅರಮನೆ ಹತ್ತಿರ ಒಬ್ಬರು ನಯವಾಗಿ ಬಂದು, ಇವತ್ತು ಮುಚ್ಚಿದೆ, ಬೇರೆ ಗುಡಿ ತೋರಿಸುತ್ತೇನೆ, ಟುಕ್‌ಟುಕ್‌ಗೆ ಇಪ್ಪತ್ತೇ ಬಾಟ್ ಅನ್ನುತ್ತಾರೆ. ಆ ಸವಾರಿ ಮುಗಿಯುವುದು ಹರಳಿನ ಅಂಗಡಿಯಲ್ಲಿ. ನಕ್ಕು ಮುಂದೆ ನಡೆಯಿರಿ, ಬಾಗಿಲವರೆಗೆ ಹೋಗಿ ನೀವೇ ನೋಡಿ. ಟ್ಯಾಕ್ಸಿಯಲ್ಲಿ ಮೀಟರ್ 35 ಬಾಟ್‌ನಿಂದ ಶುರು. ಮೀಟರ್ ಹಾಕಲ್ಲ ಅಂದರೆ ಇಳಿದುಬಿಡಿ, ಗ್ರ್ಯಾಬ್ ಇಲ್ಲವೇ ಬೋಲ್ಟ್ ಆ್ಯಪ್‌ನಲ್ಲಿ ಕಾರು ಕರೆಯಿರಿ. ಬೀಚಿನಲ್ಲಿ ಜೆಟ್ ಸ್ಕೀ ಬಾಡಿಗೆಗೆ ತೆಗೆದರೆ ಮೊದಲೇ ಸುತ್ತಲೂ ವಿಡಿಯೊ ಮಾಡಿಟ್ಟುಕೊಳ್ಳಿ. ಟೂರಿಸ್ಟ್ ಪೊಲೀಸ್ 1155, ಆಂಬುಲೆನ್ಸ್ 1669.

ಹಣ ಹೇಗೆ ಒಯ್ಯೋದು?

ಒಂದು ಬಾಟ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ. ಅಲ್ಲಿನ ಎಟಿಎಂ ಹೊರದೇಶದ ಕಾರ್ಡಿಗೆ ಪ್ರತಿ ಸಲ 200 ಬಾಟ್‌ಗೂ ಮೇಲೆ ಹಿಡಿಯುತ್ತದೆ. ಪದೇ ಪದೇ ತೆಗೆಯುವ ಬದಲು ಒಂದೇ ಸಲ ದೊಡ್ಡ ಮೊತ್ತ ತೆಗೆಯಿರಿ. ಪರದೆಯ ಮೇಲೆ ರೂಪಾಯಿಯಲ್ಲಿ ಲೆಕ್ಕ ಮಾಡಲಾ ಅಂತ ಕೇಳಿದರೆ ಬೇಡ ಒತ್ತಿ. ಮಡಿಕೆಯಿಲ್ಲದ ಡಾಲರ್ ನೋಟು ಒಯ್ದರೆ ಏರ್‌ಪೋರ್ಟಿನ ನೆಲಮಾಳಿಗೆಯಲ್ಲಿ, ರೈಲ್ವೆ ಸ್ಟೇಷನ್ ಪಕ್ಕದ ಕೌಂಟರುಗಳಲ್ಲಿ ಬದಲಿಸಿ. ಮೇಲಿನ ಬ್ಯಾಂಕ್ ಕೌಂಟರಿಗಿಂತ ದರ ಒಳ್ಳೆಯದು. ಬೀದಿ ಅಂಗಡಿ, ದೋಣಿ, ಸಂತೆ ಎಲ್ಲ ನಗದೇ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಬಹುದಾ?

ದ್ವಿಚಕ್ರ ವಾಹನಕ್ಕೂ ಅನ್ವಯಿಸುವ ಅಂತಾರಾಷ್ಟ್ರೀಯ ಲೈಸೆನ್ಸ್ ಇದ್ದರೆ ಮಾತ್ರ. ಇಲ್ಲದಿದ್ದರೂ ಅಂಗಡಿಯವರು ಕೊಟ್ಟೇ ಕೊಡುತ್ತಾರೆ, ಆದರೆ ಬಿದ್ದಾಗ ಟ್ರಾವೆಲ್ ಇನ್ಶೂರೆನ್ಸ್ ಕೈಬಿಡುತ್ತದೆ. ಪಾಸ್‌ಪೋರ್ಟ್ ಅಡ ಇಡಬೇಡಿ.

ಅಲ್ಲಿ ತಪ್ಪಿಯೂ ಮಾಡಬಾರದ ಕೆಲಸ ಯಾವುದು?

ರಾಜಮನೆತನದ ಬಗ್ಗೆ ಹಗುರ ಮಾತು, ಸೋಶಿಯಲ್ ಮೀಡಿಯಾದಲ್ಲಿ ಕೂಡ ಬೇಡ. ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು. ನೋಟಿನ ಮೇಲೂ ರಾಜರ ಚಿತ್ರ ಇದೆ, ಗಾಳಿಗೆ ಹಾರಿದರೆ ಕಾಲಲ್ಲಿ ತುಳಿದು ಹಿಡಿಯಬೇಡಿ. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ಸ್ಟೇಷನ್, ಪಾರ್ಕುಗಳಲ್ಲಿ ರಾಷ್ಟ್ರಗೀತೆ ಕೇಳಿದರೆ ನೀವೂ ನಿಂತುಬಿಡಿ. ವೇಪ್ ಅಲ್ಲಿ ಕಾನೂನುಬಾಹಿರ, ಬ್ಯಾಗಿನಲ್ಲಿ ಇಟ್ಟುಕೊಂಡೂ ಹೋಗಬೇಡಿ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಬುದ್ಧನ ಮೂರ್ತಿಯ ಕಡೆ ಕಾಲು ಚಾಚಿ ಕೂರಬಾರದು.

ವಾಪಸ್ ಬರುವ ದಿನ ಏನು ಗಮನಿಸಬೇಕು?

ಎಲ್ಲಕ್ಕಿಂತ ಮುಖ್ಯ, ಬೇರೆಯವರ ಬ್ಯಾಗು, ಪೊಟ್ಟಣ ಯಾವುದನ್ನೂ ತರಬೇಡಿ. ಎಷ್ಟೇ ಪರಿಚಯ ಇರಲಿ. ಬ್ಯಾಂಕಾಕ್‌ನಿಂದ ಬಂದವರ ಬ್ಯಾಗಿನಲ್ಲಿ ಗಾಂಜಾ, ಕಾಡುಪ್ರಾಣಿಗಳು ಸಿಕ್ಕಿ ಬೆಂಗಳೂರು ಏರ್‌ಪೋರ್ಟಿನಲ್ಲಿ ಹಲವು ಸಲ ಜನ ಸಿಕ್ಕಿಬಿದ್ದಿದ್ದಾರೆ. ಗಾಂಜಾ ಅಲ್ಲಿ ಅಂಗಡಿಯಲ್ಲಿ ಕಂಡರೂ ಇಲ್ಲಿ ಅದಕ್ಕೆ ಜೈಲೇ. ಮಗ ಓದಲು ನಿಮ್ಮೂರಲ್ಲಿದ್ದಾನೆ, ಅವನಿಗೆ ಈ ಸಿಹಿ ಕೊಟ್ಟುಬಿಡಿ ಅನ್ನುವ ಮಾತಿಗೂ ಕೈ ಮುಗಿದು ಆಗಲ್ಲ ಅನ್ನಿ.

ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾಟ್ ಮೇಲೆ ಕೊಂಡಿದ್ದರೆ ತೆರಿಗೆ ವಾಪಸ್ ಸಿಗುತ್ತದೆ. ಅಂಗಡಿಯಲ್ಲೇ ಅರ್ಜಿ ಮಾಡಿಸಿ, ಏರ್‌ಪೋರ್ಟಿನಲ್ಲಿ ಬ್ಯಾಗ್ ಚೆಕ್‌ಇನ್ ಮಾಡುವ ಮೊದಲೇ ಮುದ್ರೆ ಹಾಕಿಸಿಕೊಳ್ಳಿ. ರಾತ್ರಿ ವಿಮಾನವಾದರೆ ಹೋಟೆಲ್ ರಿಸೆಪ್ಷನ್‌ನಲ್ಲಿ ಲಗೇಜ್ ಇಟ್ಟು ಸಂಜೆವರೆಗೆ ಸುತ್ತಬಹುದು, ಅದಕ್ಕೆ ದುಡ್ಡು ಕೇಳುವುದು ಕಡಿಮೆ. ಮೂರು ಗಂಟೆ ಮೊದಲು ಏರ್‌ಪೋರ್ಟ್ ತಲುಪಿ. ಸುವರ್ಣಭೂಮಿಯಲ್ಲಿ ಇಮಿಗ್ರೇಷನ್ ದಾಟಿದ ಮೇಲೆ ಸಮುದ್ರ ಮಂಥನದ ದೊಡ್ಡ ಶಿಲ್ಪ ಇದೆ, ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ನಡುವೆ ವಿಷ್ಣು. ಮನೆಮಂದಿಯ ಕೊನೆಯ ಫೋಟೊಗೆ ಜಾಗ ಅದೇ. ಗೇಟಿಗೆ ಅಲ್ಲಿಂದ ಇನ್ನೂ ಇಪ್ಪತ್ತು ನಿಮಿಷ ನಡೆಯಬೇಕಾಗಬಹುದು, ಆ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಿ.